ಪೌಂಡ್ ಗುರುತಿನೊಳಗೆ ಸಿಕ್ಕಿಬಿದ್ದ ಕನ್ನಡ

ಹೋದ ಮಳೆಗಾಲದಲ್ಲಿ ಒಂದು ಸಂಜೆ ಪಕ್ಕದ ಊರಿನ ಹಿರಿಯರೊಬ್ಬರು ಫೋನ್ ಮಾಡಿದರು. "ತಂಗಿ, ನಮ್ಮೂರ ಕೆರಿ ಒತ್ತುವರಿ ಬಗ್ಗೆ ನೀ 2011ರಾಗ ಬರದಿದ್ದಿ ನೋಡು, ಅದರ ಪ್ರತಿ ಬೇಕಾಗೇತಿ. ಸರ್ವೆ ನಂಬರ್ ಸಹಿತ ಬರದಿದ್ದಿ. ತಹಶೀಲ್ದಾರ್ ಆಫೀಸಿಗೆ ಅರ್ಜಿ ಕೊಡೂದೈತಿ" ಅಂದರು. ಆಗ ನಾನು ಒಂದು ವಾರಪತ್ರಿಕೆಗೆ ಬರೆಯುತ್ತಿದ್ದೆ, ಪುಟವನ್ನೂ ನಾನೇ ಕಟ್ಟುತ್ತಿದ್ದೆ. ಪತ್ರಿಕೆ ನಿಂತು ಎಷ್ಟೋ ವರ್ಷವಾಯಿತು. ಅಚ್ಚಾದ ಪ್ರತಿಗಳನ್ನು ಗೆದ್ದಲು ತಿಂದಿವೆ. ಆದರೆ ಪುಟಗಳ ಫೈಲನ್ನು ಸಿ.ಡಿ.ಗೆ ಹಾಕಿ ಇಟ್ಟಿದ್ದೇನೆಂಬ ಧೈರ್ಯವಿತ್ತು. "ನಾಳೆ ಕಳಸ್ತೀನ್ರಿ ಕಾಕಾ" ಅಂದೆ.

ಮರುದಿನ ಫೈಲ್ ತೆರೆದರೆ ಒಂದು ಅಕ್ಷರವೂ ಕನ್ನಡವಿಲ್ಲ. ಪರದೆ ತುಂಬ ಇಂಗ್ಲಿಷಿನ ಪಿ, ಕ್ಯೂ, ತಲೆ ಮೇಲೆ ಓರೆ ಗೀಟು ಎಳೆದ ಎ, ನಡುನಡುವೆ ಬ್ರಿಟನ್ನಿನ ಪೌಂಡ್ ಹಣದ ಗುರುತು. ನಾನೇ ಬರೆದದ್ದು ನನಗೇ ಓದಲು ಬರಲಿಲ್ಲ. ಆ ಗೋಜಲಿನಲ್ಲಿ ಓದಲು ಬಂದದ್ದು ಅಂಕಿಗಳು ಮಾತ್ರ.

ಇದು ನನ್ನೊಬ್ಬಳ ಕಥೆಯಲ್ಲ. 2012ಕ್ಕಿಂತ ಮೊದಲು ಕಂಪ್ಯೂಟರಿನಲ್ಲಿ ಕನ್ನಡ ಪುಟ ಕಟ್ಟಲು ಕಲಿತ ಹೆಚ್ಚಿನವರ ಪೆಟ್ಟಿಗೆಯಲ್ಲಿ ಇಂಥ ಸಿ.ಡಿ. ಇದ್ದೇ ಇರುತ್ತದೆ. ಈಗ ನಮ್ಮ ಊರುಗಳ ಹುಡುಗ ಹುಡುಗಿಯರು ಮೊಬೈಲಿನಲ್ಲೇ ಪೋಸ್ಟರ್ ಮಾಡುತ್ತಾರೆ, ವೆಬ್ ಡಿಸೈನ್ ಕಲಿಯಬೇಕು ಎನ್ನುತ್ತಾರೆ. ಅವರಿಗೆ ಮೊದಲ ಪಾಠವಾಗಿ ನಾನು ಹೇಳುವುದು ಬಣ್ಣದ ಚಕ್ರವನ್ನಲ್ಲ, ನಮ್ಮ ಅಕ್ಷರ ಪರದೆಗೆ ಬಂದ ದಾರಿಯನ್ನು.

ಮೊದಲು ಕಲ್ಲಿನಿಂದ ಶುರು ಮಾಡೋಣ. ಬಂಗಾಳದ ಶ್ರೀರಾಮಪುರದಲ್ಲಿ 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. ಕನ್ನಡ ಅಕ್ಷರ ಅಚ್ಚಿನ ಮೊಳೆಯ ರೂಪ ತಾಳಿದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ಆದರೆ 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರತಂದಾಗ ಅದರಲ್ಲಿ ಮೊಳೆಯೇ ಇರಲಿಲ್ಲ. ಬಾಸೆಲ್ ಮಿಷನ್ನಿನವರದು ಕಲ್ಲಚ್ಚು. ಜಿಡ್ಡಿನ ಶಾಯಿಯಲ್ಲಿ ಕೈಯಿಂದ ಬರೆದದ್ದನ್ನು ನುಣುಪಾದ ಕಲ್ಲಿಗೆ ಇಳಿಸುವುದು, ಕಲ್ಲನ್ನು ಒದ್ದೆ ಮಾಡುವುದು, ಶಾಯಿ ಹಚ್ಚುವುದು. ನೀರಿದ್ದ ಕಡೆ ಶಾಯಿ ಹತ್ತುವುದಿಲ್ಲ, ಜಿಡ್ಡಿದ್ದ ಕಡೆ ಹತ್ತುತ್ತದೆ. ಅದರ ಮೇಲೆ ಕಾಗದ ಒತ್ತಿದರೆ ಬರೆದದ್ದು ಹಾಗೆಯೇ ಮೂಡುತ್ತದೆ. ಪ್ರತಿವರ್ಷ ಜುಲೈ 1ಕ್ಕೆ ನಾವು ಪತ್ರಿಕಾ ದಿನ ಆಚರಿಸುತ್ತೇವಲ್ಲ, ಆ ಪತ್ರಿಕೆ ಒಬ್ಬರ ಕೈಬರಹ! ಸಾಲಿನ ಅಂತರ ಎಷ್ಟಿರಬೇಕು, ಒತ್ತಕ್ಷರಕ್ಕೆ ಎಷ್ಟು ಜಾಗ ಬಿಡಬೇಕು ಎಂಬುದೆಲ್ಲ ಬರೆಯುವವನ ಕೈಯಲ್ಲಿತ್ತು.

ಮೊಳೆ ಬಂದ ಮೇಲೆ ಆ ಸ್ವಾತಂತ್ರ್ಯ ಹೋಯಿತು, ವೇಗ ಬಂತು. ಇಂಗ್ಲಿಷಿನವನಿಗೆ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ ಎಲ್ಲ ಸೇರಿ ನೂರರ ಆಸುಪಾಸಿನ ಮೊಳೆ ಸಾಕು. ನಮ್ಮದು ಹಾಗಲ್ಲ. ಕಾಗುಣಿತ ಬೇಕು, ಪ್ರತಿ ವ್ಯಂಜನಕ್ಕೂ ಒತ್ತು ಬೇಕು, ಅರ್ಕಾವತ್ತು ಬೇಕು. ಮೊಳೆ ಜೋಡಿಸುವವನ ಮುಂದೆ ನೂರಾರು ಖಾನೆ. 1894ರಲ್ಲಿ ಮಂಗಳೂರಿನ ಅದೇ ಮಿಷನ್ ಪ್ರೆಸ್ಸಿನಲ್ಲಿ ಕಿಟೆಲ್ಲರ ನಿಘಂಟು ಅಚ್ಚಾಯಿತು, ಸುಮಾರು 70 ಸಾವಿರ ಪದಗಳದ್ದು. ಅದರ ಒಂದೊಂದು ಪುಟದಲ್ಲೂ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇವೆ. ಸಾಲು ಎಲ್ಲೂ ಕುಸಿದಂತೆ ಕಾಣುವುದಿಲ್ಲ. ಪುಟ ವಿನ್ಯಾಸ ಕಲಿಯಬೇಕೆಂದವರು ಅದರ ಸ್ಕ್ಯಾನ್ ಪ್ರತಿಯನ್ನು ಒಂದು ತಾಸು ಸುಮ್ಮನೆ ನೋಡಿದರೂ ಸಾಕು.

ನಮ್ಮ ಗದಗಕ್ಕೆ ಮುದ್ರಣ ಕಾಶಿ ಎಂಬ ಹೆಸರಿದೆ. ನಾನು ಡಿ.ಟಿ.ಪಿ. ಕಲಿಯಲು ಅಲ್ಲಿನ ಒಂದು ಪ್ರೆಸ್ಸಿಗೆ ಹೋದಾಗ ಮೂಲೆಯಲ್ಲಿ ಮೊಳೆಯ ಕಟ್ಟಿಗೆ ಖಾನೆಗಳು ಇನ್ನೂ ಇದ್ದವು. ಒಂದರಲ್ಲಿ ರಬ್ಬರ್ ಬ್ಯಾಂಡ್, ಇನ್ನೊಂದರಲ್ಲಿ ಎಲೆ-ಅಡಿಕೆ. ಮಾಲೀಕರು ಮೊದಲ ದಿನವೇ ಹೇಳಿದ್ದು ಒಂದೇ ಮಾತು: "ತಂಗಿ, ಒತ್ತು ಕೆಳಗಿನ ಸಾಲಿನ ತಲಿಗೆ ಬಡಿಬಾರದು." ಅಕ್ಷರದ ಸಾಲುಗಳ ನಡುವೆ ಜಾಗ ಬಿಡುವುದರ ಬಗ್ಗೆ ಇದಕ್ಕಿಂತ ಚೆನ್ನಾಗಿ ಯಾವ ತರಗತಿಯಲ್ಲೂ ನನಗೆ ಯಾರೂ ಹೇಳಿಕೊಡಲಿಲ್ಲ.

ಆ ಕಂಪ್ಯೂಟರಿನಲ್ಲಿ ಇದ್ದದ್ದು ಪೇಜ್‌ಮೇಕರ್. 1985ರಲ್ಲಿ ಅಮೆರಿಕದ ಆಲ್ಡಸ್ ಕಂಪನಿ ಬಿಡುಗಡೆ ಮಾಡಿದ ತಂತ್ರಾಂಶ. ಆ ಕಂಪನಿಯ ಪಾಲ್ ಬ್ರೇನರ್ಡ್ ಈ ಕೆಲಸಕ್ಕೆ ಇಟ್ಟ ಹೆಸರೇ ಡೆಸ್ಕ್‌ಟಾಪ್ ಪಬ್ಲಿಷಿಂಗ್, ಅಂದರೆ ನಮ್ಮ ಬೀದಿಬೀದಿಯ ಅಂಗಡಿ ಬೋರ್ಡಿನ ಡಿ.ಟಿ.ಪಿ. ಮುಂದೆ ಅಡೋಬಿ ಕಂಪನಿ ಅದನ್ನು ಕೊಂಡುಕೊಂಡಿತು. 2001ರ 7ನೇ ಆವೃತ್ತಿಯೇ ಕೊನೆ. ಆದರೆ ನಮ್ಮ ಅಂಗಡಿಗಳಲ್ಲಿ ಅದು ಅಲ್ಲಿಂದಾಚೆಗೂ ಎಷ್ಟೋ ವರ್ಷ ಓಡಿತು.

ಪೇಜ್‌ಮೇಕರ್‌ಗೆ ಕನ್ನಡ ಗೊತ್ತಿರಲಿಲ್ಲ. ಗೊಂದಲ ಹುಟ್ಟಿದ್ದು ಇಲ್ಲಿಯೇ, ಸ್ವಲ್ಪ ನಿಧಾನವಾಗಿ ನೋಡೋಣ.

ಆಗಿನ ಕಂಪ್ಯೂಟರಿನ ಒಂದು ಫಾಂಟಿನಲ್ಲಿ 256 ಖಾನೆ. ಪ್ರತಿ ಖಾನೆಗೂ ಒಂದು ನಂಬರು, ಎಲ್ಲ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲು. ನಮ್ಮವರು ಏನು ಮಾಡಿದರು? ಆ ಖಾನೆಗಳ ಚಿತ್ರಗಳನ್ನು ಅಳಿಸಿ ಕನ್ನಡದ ತುಂಡುಗಳನ್ನು ಬರೆದರು. 'ಕ'ದ ಒಡಲು ಒಂದು ಖಾನೆ, ತಲೆಕಟ್ಟು ಇನ್ನೊಂದು, ಒತ್ತು ಮತ್ತೊಂದು. ನುಡಿ ಫಾಂಟಿನಲ್ಲಿ ನೀವು 'ಕ' ಬರೆದರೆ ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುವುದು ಇಂಗ್ಲಿಷಿನ ದೊಡ್ಡ ಪಿ ಮತ್ತು ಓರೆ ಗೀಟಿನ ಎ. 'ನ'ದ ಒಡಲಿದ್ದ ಜಾಗ ಪೌಂಡ್ ಗುರುತಿನದು. ಫಾಂಟ್ ಇರುವ ತನಕ ಕಣ್ಣಿಗೆ ಕನ್ನಡ, ಫಾಂಟ್ ತೆಗೆದರೆ ಪೌಂಡ್. ಒಂದು ಲೆಕ್ಕದಲ್ಲಿ ಇದು ವೇಷ. ಬಣ್ಣ ಅಳಿಸಿದರೆ ಒಳಗಿನವನು ಬೇರೆ.

ಅದು ಸಾಲದೆಂಬಂತೆ ಒಬ್ಬೊಬ್ಬರದು ಒಂದೊಂದು ವೇಷ. ಶ್ರೀಲಿಪಿ, ಆಕೃತಿ, ಪ್ರಕಾಶಕ್, ಬರಹ, ನುಡಿ ಹೀಗೆ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಓದಲು ಬರುತ್ತಿರಲಿಲ್ಲ. ಇದನ್ನು ಮಾಡಿದವರನ್ನು ಬೈಯುವ ಮನಸ್ಸು ನನಗಿಲ್ಲ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ 'ಬರಹ' ಕೊಡದೇ ಇದ್ದಿದ್ದರೆ, ಕನ್ನಡ ಗಣಕ ಪರಿಷತ್ತು 'ನುಡಿ' ಕೊಡದೇ ಇದ್ದಿದ್ದರೆ, ನಮ್ಮ ಬಹಳಷ್ಟು ಮಂದಿ ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಶುರುವನ್ನೇ ಮಾಡುತ್ತಿರಲಿಲ್ಲ.

ಇನ್ನೊಂದು ಕಡೆ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಯೋಚನೆ ಬೇರೆಯೇ ದಾರಿ ಹಿಡಿದಿತ್ತು. ಅಕ್ಷರದ ಆಕಾರವನ್ನಲ್ಲ, ಉಚ್ಚಾರವನ್ನು ಕೀಲಿಮಣೆಗೆ ಹಾಕಿದರು. ಅವರ ವಿನ್ಯಾಸದಲ್ಲಿ 'ಕನ್ನಡ' ಬರೆಯಲು ಐದು ಕೀಲಿ: ಕೆ, ಎನ್, ಎಫ್, ಎನ್, ಡಬ್ಲ್ಯೂ. ನಡುವಿನ ಎಫ್ ಎರಡು ವ್ಯಂಜನಗಳನ್ನು ಬೆಸೆಯುವ ಕೊಂಡಿ. ಒತ್ತಕ್ಷರದ ಚಿತ್ರ ಎಲ್ಲಿ ಕೂರಬೇಕು ಎಂಬ ಚಿಂತೆ ಬರೆಯುವವನಿಗಿಲ್ಲ, ಅದು ಯಂತ್ರದ ಕೆಲಸ. ನುಡಿಯ ಕೀಲಿಮಣೆಗೆ ಆಧಾರ ಇದೇ.

ಯೂನಿಕೋಡ್ ನಡೆಯುವುದೂ ಇದೇ ತರ್ಕದ ಮೇಲೆ. ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಅದರದೇ ನಂಬರು. 1991ರ ಅಕ್ಟೋಬರಿನಲ್ಲಿ ಬಂದ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಖಾನೆಗಳ ಓಣಿ ಸಿಕ್ಕಿತ್ತು. ಭಾರತದಲ್ಲೇ ರೂಪಿಸಿದ್ದ ಇಸ್ಕಿ ಎಂಬ ಸಂಕೇತ ವ್ಯವಸ್ಥೆ ಅದಕ್ಕೆ ಅಡಿಪಾಯ. ಇದರಲ್ಲಿ 'ಕನ್ನಡ' ಎಂದರೆ ಕ, ನ, ವಿರಾಮ, ನ, ಡ. ಐದೇ ಸಂಕೇತ. ಫಾಂಟ್ ಬದಲಿಸಿದರೂ, ಫೋನ್ ಬದಲಿಸಿದರೂ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ. ಅದೇ ವರ್ಷದ ಆಗಸ್ಟಿನಲ್ಲಿ ಟಿಮ್ ಬರ್ನರ್ಸ್-ಲೀ ತಮ್ಮ ವೆಬ್ಬನ್ನು ಜಗತ್ತಿಗೆ ತೆರೆದಿಟ್ಟಿದ್ದರು. ಅಂದರೆ ವೆಬ್ಬೂ ಕನ್ನಡದ ಯೂನಿಕೋಡ್ ನಂಬರೂ ಓರಗೆಯವು.

ಹಾಗಿದ್ದರೆ ನಾವು ಇಪ್ಪತ್ತು ವರ್ಷ ಪೌಂಡ್ ಗುರುತಿನೊಳಗೆ ಯಾಕೆ ಉಳಿದೆವು? ನಂಬರು ಕೊಟ್ಟರೆ ಸಾಲದು. ಅಕ್ಷರ ಜೋಡಿಸಿ ತೋರಿಸುವ ವ್ಯವಸ್ಥೆ ಕಂಪ್ಯೂಟರಿನಲ್ಲಿರಬೇಕು, ಫಾಂಟ್ ಬೇಕು. ವಿಂಡೋಸ್‌ನಲ್ಲಿ ಅದು ಬಂದದ್ದು 2001ರ ಎಕ್ಸ್‌ಪಿಯಲ್ಲಿ, 'ತುಂಗಾ' ಎಂಬ ಫಾಂಟಿನ ಜತೆ. ಅದಕ್ಕೂ ಮೊದಲೇ, 1996ರಲ್ಲಿ, ಯು.ಬಿ. ಪವನಜರ 'ವಿಶ್ವಕನ್ನಡ' ಅಂತರಜಾಲದಲ್ಲಿ ಕನ್ನಡ ತಾಣ ನಡೆಸಿ ತೋರಿಸಿತ್ತು. ಆ ಕಾಲದ ಪತ್ರಿಕಾ ತಾಣಗಳಿಗೆ ಎರಡೇ ದಾರಿ. ಓದುಗನಿಗೆ "ಮೊದಲು ಈ ಫಾಂಟ್ ಇಳಿಸಿಕೊಳ್ಳಿ" ಎನ್ನುವುದು, ಇಲ್ಲವೇ ಪುಟದ ಜತೆಗೇ ಫಾಂಟ್ ಕಳಿಸುವುದು. ಎರಡನೆಯದು ಹೆಚ್ಚಾಗಿ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ನಡೆಯುತ್ತಿತ್ತು. ಬೇರೆ ಬ್ರೌಸರಿನಲ್ಲಿ ತೆರೆದರೆ ಮತ್ತೆ ಪೌಂಡ್.

ಉಳಿದದ್ದು ನಮ್ಮ ಅಸಡ್ಡೆ. ನಾನು ಡಿಪ್ಲೊಮಾ ಓದಿದ್ದು 2010ರಲ್ಲಿ. ವೆಬ್ ವಿನ್ಯಾಸಕ್ಕೆ ಒಂದು ವಾರದ ಪಾಠವಿತ್ತು. ಪುಟವನ್ನು ಕೋಷ್ಟಕದ ಮನೆಗಳಾಗಿ ಕತ್ತರಿಸಿ, ಎಡಕ್ಕೊಂದು ಬಲಕ್ಕೊಂದು ಕಾಲಂ ಮಾಡುವುದನ್ನು ಕಲಿಸಿದರು. ಕನ್ನಡ ಬೇಕಾದರೆ ಚಿತ್ರ ಮಾಡಿ ಹಾಕಿ ಅಂದರು. ಯೂನಿಕೋಡ್ ಎಂಬ ಶಬ್ದ ಒಮ್ಮೆಯೂ ಬರಲಿಲ್ಲ. ಕನ್ನಡ ವಿಕಿಪೀಡಿಯ ಶುರುವಾಗಿ ಆಗಲೇ ಏಳು ವರ್ಷ! ಅದೇ 2010ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ಎಂಬ ವಿನ್ಯಾಸಕ, ಪರದೆಯ ಅಗಲಕ್ಕೆ ತಕ್ಕಂತೆ ಪುಟ ತಾನೇ ಹೊಂದಿಕೊಳ್ಳಬೇಕು ಎಂದು ಬರೆದ ಲೇಖನ ಬಂದಿತ್ತು. ಇವತ್ತು ನೀವು ಈ ಬರಹವನ್ನು ಪಕ್ಕಕ್ಕೆ ಎಳೆಯದೆ ಬೆರಳಿನಿಂದ ಮೇಲಕ್ಕೆ ಸರಿಸುತ್ತ ಓದುತ್ತಿದ್ದರೆ ಅದು ಆ ವಿಚಾರದ ಫಲ. ನಾವು ಆಗ ಕೂತು ಕಲಿಯುತ್ತಿದ್ದದ್ದು ಕಂಪ್ಯೂಟರ್ ಪರದೆಯ ಅಳತೆಗೆ ಕೋಷ್ಟಕ ಹೆಣೆಯುವುದನ್ನು.

ಓದುಗರು ನಮಗಿಂತ ಮುಂದಿದ್ದರು. ನೋಕಿಯಾ ಫೋನಿನಲ್ಲಿ ಒಪೇರಾ ಮಿನಿ ಹಾಕಿಕೊಂಡು, ಅದರ ಗುಪ್ತ ಸೆಟ್ಟಿಂಗಿಗೆ ಹೋಗಿ, ಕೊನೆಯಲ್ಲಿದ್ದ 'ಬಿಟ್‌ಮ್ಯಾಪ್ ಫಾಂಟ್' ಎಂಬಲ್ಲಿ 'ಯೆಸ್' ಒತ್ತುವುದು ನೆನಪಿದೆಯೇ? ಅಲ್ಲಿಯವರೆಗೆ ಚೌಕ ಚೌಕ ಡಬ್ಬಿ ಕಾಣುತ್ತಿದ್ದ ಕಡೆ ಕನ್ನಡ ಮೂಡುತ್ತಿತ್ತು. ಅಕ್ಷರವನ್ನು ಚಿತ್ರ ಮಾಡಿ ಕಳಿಸುವ ಉಪಾಯ ಅದು. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಇದನ್ನು ಹೇಳಿಕೊಟ್ಟದ್ದು ಎಸ್ಸೆಸ್ಸೆಲ್ಸಿ ಫೇಲಾದ ಒಬ್ಬ ಹುಡುಗ, ನಮ್ಮ ಕಾಲೇಜಲ್ಲ. 2012ರಲ್ಲಿ ಆಂಡ್ರಾಯ್ಡ್ 4.1ರ ಜತೆ ಕನ್ನಡ ಬಂತು. ಹೊಸ ಫೋನ್ ಬಂದಂತೆಲ್ಲ ಡಬ್ಬಿಗಳು ಮಾಯವಾದವು.

ಹಳೆಯ ಚಟ ಮಾತ್ರ ಹೋಗಿಲ್ಲ. ಪಂಚಾಯ್ತಿಯ ನೋಟಿಸು ಇವತ್ತಿಗೂ ವಾಟ್ಸಾಪಿಗೆ ಬರುವುದು ಫೋಟೊ ಆಗಿ. ಅದನ್ನು ಹುಡುಕಲು ಬರುವುದಿಲ್ಲ. ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳಲು ಆಗದೆ ಸುಮ್ಮನಾಗುತ್ತದೆ. ಹಿಗ್ಗಿಸಿದರೆ ಅಕ್ಷರ ಒಡೆಯುತ್ತದೆ. ಪೋಸ್ಟರ್ ಚಿತ್ರವಾಗಿಯೇ ಇರಲಿ, ಕೆಳಗೆ ಅದೇ ವಿಷಯವನ್ನು ನಾಲ್ಕು ಸಾಲು ಟೈಪ್ ಮಾಡಿದರೆ ಗಂಟೇನೂ ಹೋಗುವುದಿಲ್ಲ. ಟೈಪ್ ಮಾಡುವಾಗ ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತನ್ನು ಹಾಕಿ 'ಕನಾ೯ಟಕ' ಎಂದು ಬರೆಯಬೇಡಿ. ಕಣ್ಣಿಗೆ ಸರಿ ಕಂಡರೂ 'ಕರ್ನಾಟಕ' ಎಂದು ಹುಡುಕಿದವರಿಗೆ ನಿಮ್ಮ ಬರಹ ಸಿಗುವುದಿಲ್ಲ.

ಫಾಂಟಿಗೆ ಈಗ ಬರವಿಲ್ಲ. ನೋಟೊ, ಬಾಲೂ ತಮ್ಮ, ಬೆಣ್ಣೆ, ಹುಬ್ಬಳ್ಳಿ, ಎಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ಎಲ್ಲ ಯೂನಿಕೋಡ್. ತಲೆಬರಹಕ್ಕೆ ಬಾಲೂ ತಮ್ಮ ಚೆಂದ, ಅದರಲ್ಲೇ ಇಡೀ ಲೇಖನ ಹಾಕಿದರೆ ಕಣ್ಣು ನೋಯುತ್ತದೆ. ಎರಡೂ ಅಂಚನ್ನು ಸಮ ಮಾಡುವ ಪತ್ರಿಕೆಯ ಅಭ್ಯಾಸ ಮೊಬೈಲಿಗೆ ಬೇಡ. ನಮ್ಮ ಪದಗಳು ಉದ್ದ, ಪರದೆ ಕಿರಿದು, ನಡುವೆ ಹಲ್ಲು ಬಿದ್ದಂತೆ ಸಂದಿ ಕಾಣುತ್ತದೆ. ಇಂಗ್ಲಿಷಿಗೆಂದು ಮಾಡಿದ ಟೆಂಪ್ಲೇಟಿನಲ್ಲಿ ಕನ್ನಡ ಸುರಿದರೆ 'ರಾಷ್ಟ್ರ', 'ಸ್ತ್ರೀ' ಇಂಥ ಪದಗಳ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಗದಗದ ಆ ಮಾಲೀಕರ ಮಾತು ಇಲ್ಲಿಗೂ ಸಲ್ಲುತ್ತದೆ. ಸಾಲಿನ ಅಂತರ ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಕಡಿಮೆ ಮಾಡಬೇಡಿ.

ಕೆರೆಯ ವರದಿಗೆ ಬರುತ್ತೇನೆ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ನನ್ನ ಫೈಲ್ ಹಾಕಿದೆ. ಮುಕ್ಕಾಲು ಪಾಲು ಕನ್ನಡವಾಯಿತು, 'ಸರ್ವೆ' ಇದ್ದದ್ದು 'ಸವೆರ್' ಆಗಿ ಬಂತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದಂತೆ ಮೊದಲು. ನಾನು ಬಳಸಿದ ಪರಿವರ್ತಕಕ್ಕೆ ಅದು ತಿಳಿಯಲಿಲ್ಲ. ರಾತ್ರಿ ಹನ್ನೊಂದರವರೆಗೆ ಕೂತು ಒಂದೊಂದನ್ನೇ ಕೈಯಿಂದ ತಿದ್ದಿದೆ. ಸರ್ವೆ ನಂಬರಿನ ಅಂಕಿಗಳು ಮೊದಲೇ ಸರಿಯಾಗಿದ್ದವು, ಯಾಕೆಂದರೆ ಆ ವೇಷದ ಫಾಂಟಿನಲ್ಲೂ ಅಂಕಿಯ ಖಾನೆಯಲ್ಲಿ ಅಂಕಿಯನ್ನೇ ಇಟ್ಟಿದ್ದರು.

ಕಾಕಾ ಪ್ರಿಂಟ್ ತೆಗೆದುಕೊಂಡು ಹೋಗಿ ಅರ್ಜಿ ಕೊಟ್ಟಿದ್ದಾರೆ. ಅಳತೆ ಇನ್ನೂ ಆಗಿಲ್ಲ. ನನ್ನ ಹತ್ತಿರ ಇನ್ನು ಮೂರು ಸಿ.ಡಿ. ಉಳಿದಿವೆ. ಅದರಲ್ಲೊಂದು ತೆರೆಯುವುದೇ ಇಲ್ಲ. ಉಳಿದ ಎರಡನ್ನು ದಿನಕ್ಕೊಂದು ಪುಟದಂತೆ ತಿದ್ದುತ್ತಿದ್ದೇನೆ, ಸದ್ಯ 2009ರ ಬರಗಾಲದ ಮೇವಿನ ವರದಿಯಲ್ಲಿದ್ದೇನೆ.