ಎಸ್‌ಎಂಪಿಎಸ್ ಎಷ್ಟು ವ್ಯಾಟಿನದು ಬೇಕು? ಡಬ್ಬಿ ಮೇಲಿನ ಅಂಕಿ ನೋಡಿ ಕೊಳ್ಳಬೇಡಿ

ಬೈಲಹೊಂಗಲದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ಗೆಳೆಯ ಫೋನ್ ಮಾಡಿದ್ದ. ‘ಎಂಜಿನಿಯರಿಂಗ್ ಓದೀದಿಯಲ್ಲ, ಇದನ್ನಾರ ಹೇಳು. ರೆಂಡರ್‌ಗೆ ಹಾಕಿದ್ರ ಕಂಪ್ಯೂಟರ್ ಬಂದ್ ಆಗ್ತಿತ್ತು. 850 ವ್ಯಾಟಿನ ಎಸ್‌ಎಂಪಿಎಸ್ ಹಾಕಿಸಿದೆ. ಈಗ ಕರೆಂಟ್ ಹೋದ್ರ ಸಾಕು, ಯುಪಿಎಸ್ ಇದ್ರೂ ಬಂದ್ ಆಗ್ತೈತಿ.’

ಇವು ಎರಡು ಬೇರೆ ಬೇರೆ ಕಾಯಿಲೆ. ಒಂದಕ್ಕೆ ಬೇಕಾದ್ದಕ್ಕಿಂತ ದೊಡ್ಡ ಔಷಧ ತಂದಿದ್ದ, ಇನ್ನೊಂದನ್ನು ಗುರುತಿಸಿರಲೇ ಇಲ್ಲ.

ಮೊದಲನೆಯದು, ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದಿದ್ದ ಹಳೆಯ ಎಸ್‌ಎಂಪಿಎಸ್. ಅದರ ಮೇಲೆ 450 ವ್ಯಾಟ್ ಎಂದು ದಪ್ಪಕ್ಷರದಲ್ಲಿತ್ತು. ಆದರೆ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ವಿದ್ಯುತ್ ಪಡೆಯುವುದು ಮುಖ್ಯವಾಗಿ 12 ವೋಲ್ಟ್ ಲೈನಿನಿಂದ. ಲೇಬಲ್ಲಿನ ಫೋಟೊ ತರಿಸಿಕೊಂಡು ನೋಡಿದರೆ, ಆ ಲೈನಿಗೆ ಇದ್ದದ್ದು 16 ಆಂಪಿಯರ್. 12ರಿಂದ ಗುಣಿಸಿದರೆ ಬರೀ 192 ವ್ಯಾಟ್! ಹೊರಗೆ ಥಳಕು, ಒಳಗೆ ಹುಳುಕು.

ಹಾಗಾದರೆ ಬೇಕಿದ್ದದ್ದು ಎಷ್ಟು? ಅವನದು ಇಂಟೆಲ್ ಐ5-12400 ಪ್ರೊಸೆಸರ್. ಪೂರ್ತಿ ದುಡಿಯುವಾಗ ಗರಿಷ್ಠ 117 ವ್ಯಾಟ್. ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡಿಗೆ 170. ಮದರ್‌ಬೋರ್ಡ್, ರ‍್ಯಾಮ್, ಡಿಸ್ಕ್, ಫ್ಯಾನುಗಳಿಗೆ ಅಂದಾಜು 60. ಒಟ್ಟು 347. ಗ್ರಾಫಿಕ್ಸ್ ಕಾರ್ಡ್ ಕ್ಷಣಮಾತ್ರ ಹೆಚ್ಚು ಎಳೆಯುವುದುಂಟು, ನಮ್ಮ ಬೇಸಿಗೆಯ ಬಿಸಿಯೂ ಇದೆ. ಅದಕ್ಕೆ ಶೇ 40ರಷ್ಟು ಸೇರಿಸಿದರೆ ಸುಮಾರು 486. ಅಂದರೆ 550 ವ್ಯಾಟಿನ ಒಳ್ಳೆಯ ಎಸ್‌ಎಂಪಿಎಸ್ ಸಾಕು. ಈ ಕಾರ್ಡಿಗೆ ಎನ್ವಿಡಿಯಾ ಹೇಳುವುದೂ 550 ಎಂದೇ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಆಫೀಸ್ ಕಂಪ್ಯೂಟರಿಗಾದರೆ ನಿಜವಾದ 300–400 ವ್ಯಾಟ್ ಧಾರಾಳ.

850 ತಂದದ್ದರಿಂದ ಕರೆಂಟ್ ಬಿಲ್ ಏರಿಲ್ಲ. ಕಂಪ್ಯೂಟರ್ ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. ನಷ್ಟ ಆದದ್ದು ಕೊಳ್ಳುವಾಗ ಕೊಟ್ಟ ಹೆಚ್ಚಿನ ದುಡ್ಡು, ಅಷ್ಟೇ.

ಎರಡನೆಯ ಕಾಯಿಲೆ ಯುಪಿಎಸ್‌ನದು. ಅವನ ಬಳಿ ಇದ್ದದ್ದು 600 ವಿಎ. ವಿಎ ಅಂದರೆ ವ್ಯಾಟ್ ಅಲ್ಲ. ಅದು ಕೊಡಬಲ್ಲದ್ದು 360 ವ್ಯಾಟ್ ಎಂದು ಹಿಂಬದಿಯಲ್ಲೇ ಬರೆದಿತ್ತು. ಎಸ್‌ಎಂಪಿಎಸ್‌ನ ದಕ್ಷತೆ ಶೇ 85 ಎಂದುಕೊಂಡರೆ, ಒಳಗೆ 347 ವ್ಯಾಟ್ ತಲುಪಿಸಲು ಅದು ಗೋಡೆಯಿಂದ ಸುಮಾರು 408 ಎಳೆಯುತ್ತದೆ. ಮಾನಿಟರಿಗೆ 30 ಸೇರಿಸಿದರೆ 438. ರೆಂಡರ್ ನಡೆದಾಗ ಕರೆಂಟ್ ಹೋದರೆ 360ರ ಯುಪಿಎಸ್ ಕೈಚೆಲ್ಲದೆ ಏನು ಮಾಡೀತು? ಅದರ ಹಿಂದೆ ಎಷ್ಟು ದೊಡ್ಡ ಎಸ್‌ಎಂಪಿಎಸ್ ಇದ್ದರೂ ಅಷ್ಟೇ.

ಅವನಿಗೆ ಬೇಕಾದದ್ದು 600 ವ್ಯಾಟ್ ಕೊಡುವ ಯುಪಿಎಸ್. ಸಾಮಾನ್ಯವಾಗಿ 1000 ವಿಎ ಮಾದರಿಗಳಲ್ಲಿ ಸಿಗುತ್ತದೆ, ಆದರೆ ಲೇಬಲ್ ಓದಿಯೇ ಕೊಳ್ಳಬೇಕು.

ಇನ್ನೊಂದು ಮಾತು. ‘80 ಪ್ಲಸ್ ಬ್ರಾಂಝ್’ ಗುರುತು ಇದ್ದರೆ ಅರ್ಧ ಲೋಡಿನಲ್ಲಿ ದಕ್ಷತೆ ಕನಿಷ್ಠ ಶೇ 85 ಎಂದರ್ಥ. ಅದು ಬಾಳಿಕೆಯ ಗ್ಯಾರಂಟಿ ಅಲ್ಲ. ವಾರಂಟಿ ಎಷ್ಟು ವರ್ಷ ಎಂದು ಬೇರೆಯಾಗಿ ಕೇಳಿ.

ಅಂಗಡಿಯಲ್ಲಿ ‘ಎಷ್ಟು ವ್ಯಾಟ್?’ ಎಂದು ಕೇಳಿ ಸುಮ್ಮನಾಗಬೇಡಿ. ‘12 ವೋಲ್ಟಿಗೆ ಎಷ್ಟು ಆಂಪಿಯರ್?’ ಅನ್ನಿ. ಮನೆಗೆ ಬಂದು ಯುಪಿಎಸ್ ತಿರುಗಿಸಿ ನೋಡಿ. ಬೇರೆಯವರ ಮನೆಯ ಮದುವೆ ನಿಮ್ಮ ಡಿಸ್ಕಿನಲ್ಲಿರುವಾಗ ಈ ಎರಡು ಲೇಬಲ್ ಓದುವಷ್ಟು ಪುರುಸೊತ್ತು ಮಾಡಿಕೊಳ್ಳಲೇಬೇಕು.