ಶಕ್ತಿ ತರಬೇತಿ ಮತ್ತು ಓಟದ ಮಿತವ್ಯಯ: ಕುವೈತ್‌ನ ಹವ್ಯಾಸಿ ದೂರದ ಓಟಗಾರರ ಸಂದರ್ಭದಲ್ಲಿ

ಓಟದ ಮಿತವ್ಯಯ ಅಳೆದು ನೋಡಬಹುದಾದ ಗುಣ. ಸಮವೇಗದಲ್ಲಿ, ಏದುಸಿರು ಬಾರದ ಹದದಲ್ಲಿ ಓಡುವಾಗ ಒಂದು ಕಿಲೋಗ್ರಾಂ ದೇಹತೂಕವನ್ನು ಒಂದು ಕಿಲೋಮೀಟರ್ ಸಾಗಿಸಲು ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಎಂಬುದೇ ಅದರ ಲೆಕ್ಕ. ಓಟ ರೂಢಿಯಾದವರಲ್ಲಿ ಇದು ಸುಮಾರು 200 ಮಿಲಿಲೀಟರ್, ಕಡಿಮೆಯಾದಷ್ಟೂ ಒಳ್ಳೆಯದು. ಗರಿಷ್ಠ ಆಮ್ಲಜನಕ ಬಳಕೆಯ ಸಾಮರ್ಥ್ಯ ಒಂದೇ ಇರುವ ಇಬ್ಬರಲ್ಲಿ ಒಬ್ಬರು ಸದಾ ಮುಂದಿರುವುದಕ್ಕೆ ಬಹುಮಟ್ಟಿಗೆ ಕಾರಣ ಈ ಮಿತವ್ಯಯ. ಶಕ್ತಿ ತರಬೇತಿ ಎಂದರೆ ಭಾರ ಎತ್ತುವುದು, ಜಿಗಿಯುವುದು, ಅಲುಗದ ವಸ್ತುವಿನ ವಿರುದ್ಧ ಬಲ ಹಾಕುವುದು. ಮೇಲ್ನೋಟಕ್ಕೆ ದೂರದ ಓಟಕ್ಕೆ ಸಂಬಂಧವಿಲ್ಲದ ಈ ಕಸರತ್ತು ಓಟದ ಖರ್ಚನ್ನು ತಗ್ಗಿಸುತ್ತದೆ ಎಂಬುದು ಕಳೆದ ಮೂರು ದಶಕಗಳಲ್ಲಿ ಪದೇ ಪದೇ ಕಂಡುಬಂದಿದೆ. ಕುವೈತ್‌ನಂಥ ಸಪಾಟಾದ, ಸುಡುವ ನಾಡಿನಲ್ಲಿ ಹವ್ಯಾಸಿ ಓಟಗಾರರು ಇದನ್ನು ಬಿಡುವಿದ್ದಾಗ ಮಾಡುವ ಹೆಚ್ಚುವರಿ ಕೆಲಸವೆಂದು ಕಾಣದೆ ವರ್ಷದ ಯೋಜನೆಯ ನಡುವೆಯೇ ಇಟ್ಟುಕೊಳ್ಳಬೇಕೆನ್ನಲು ಬಲವಾದ ಕಾರಣಗಳಿವೆ.

ಮೊದಲನೆಯ ಕಾರಣ ನೆಲವೇ. ಕುವೈತ್‌ನ ಪಶ್ಚಿಮದ ತುದಿ ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಎತ್ತರದಲ್ಲಿದೆ ನಿಜ, ಆದರೆ ಅದು ಏರಲ್ಲ, ಕಣ್ಣಿಗೆ ತಿಳಿಯದಂತೆ ಓರೆಯಾದ ಮರಳುಗಾಡು. ಕೊಲ್ಲಿಯ ಉತ್ತರಕ್ಕಿರುವ ಮುತ್ಲಾ ದಿಬ್ಬ 150 ಮೀಟರನ್ನೂ ಮುಟ್ಟುವುದಿಲ್ಲ. ಜನ ಓಡುವುದು ಅರೇಬಿಯನ್ ಗಲ್ಫ್ ರಸ್ತೆಯ ಕಡಲಬದಿಯಲ್ಲಿ, ಕುವೈತ್ ಟವರ್ಸ್‌ನಿಂದ ಸಾಲ್ಮಿಯಾದವರೆಗಿನ ಕಾಲುದಾರಿಯಲ್ಲಿ, ಶಹೀದ್ ಪಾರ್ಕ್‌ನಲ್ಲಿ. ಗಲ್ಫ್ ಬ್ಯಾಂಕ್ 642 ಮ್ಯಾರಥಾನ್‌ನಂಥ ಸ್ಪರ್ಧೆಗಳೂ ಇಂಥದೇ ಮಟ್ಟಸವಾದ ನಗರದ ರಸ್ತೆಗಳಲ್ಲಿ ನಡೆಯುತ್ತವೆ. ಮಡಿಕೇರಿಯಲ್ಲೋ ಮಂಗಳೂರಿನ ಕದ್ರಿ ಗುಡ್ಡದಲ್ಲೋ ಓಡುವವರ ತೊಡೆಗೆ, ಮೀನಖಂಡಕ್ಕೆ ಏರುದಾರಿ ತಾನಾಗಿಯೇ ಕೊಡುವ ಭಾರದ ಕೆಲಸ ಸಾಲ್ಮಿಯಾ, ಅಬ್ಬಾಸಿಯಾ, ಮಂಗಾಫ್, ಫಹಾಹೀಲ್‌ಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಸಿಗುವುದಿಲ್ಲ. ಎರಡನೆಯದು ಋತು. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ ದಾಖಲಾದ 53.9 ಡಿಗ್ರಿ ಸೆಲ್ಸಿಯಸ್ ಅನ್ನು ವಿಶ್ವ ಹವಾಮಾನ ಸಂಸ್ಥೆ ಮಾನ್ಯ ಮಾಡಿದೆ. ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವುದನ್ನೇ ಸರ್ಕಾರ ನಿಷೇಧಿಸಿದೆ. ಜೂನ್‌ನಲ್ಲಿ ಸೂರ್ಯ ಐದು ಗಂಟೆಗೂ ಮೊದಲೇ ಹುಟ್ಟುತ್ತಾನೆ; ಅದಕ್ಕೆ ಮುಂಚೆ ಓಡಿದರೂ ಗಾಳಿ ಬಿಸಿ, ಜೊತೆಗೆ ಶಮಾಲ್ ಗಾಳಿಯ ದೂಳು. ಹೀಗಾಗಿ ಓಟದ ಕಿಲೋಮೀಟರುಗಳು ಬೇಸಿಗೆಯಲ್ಲಿ ಹೇಗೂ ಇಳಿಯುತ್ತವೆ. ಆ ತೆರವಾದ ಸಮಯಕ್ಕೆ ಹವಾನಿಯಂತ್ರಿತ ಜಿಮ್‌ಗಿಂತ ಒಳ್ಳೆಯ ಉಪಯೋಗ ಕಾಣುವುದಿಲ್ಲ.

ಭಾರ ಎತ್ತಿದರೆ ಓಟ ಹಗುರಾಗುವುದು ಹೇಗೆ? ಪ್ರತಿ ಹೆಜ್ಜೆಯಲ್ಲೂ ಕಾಲು ನೆಲಕ್ಕೆ ತಾಗಿದಾಗ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹಿಗ್ಗಿ ಶಕ್ತಿಯನ್ನು ಕೂಡಿಟ್ಟುಕೊಂಡು, ಕಾಲು ಮೇಲೇಳುವಾಗ ಮರಳಿಸುತ್ತದೆ. ಆರ್. ಮ್ಯಾಕ್‌ನೀಲ್ ಅಲೆಕ್ಸಾಂಡರ್ ಮತ್ತು ಸಂಗಡಿಗರು 1987ರಲ್ಲಿ ಅಂದಾಜಿಸಿದಂತೆ, ಹೆಜ್ಜೆಯೊಂದರಲ್ಲಿ ಕೈಬದಲಾಗುವ ಯಾಂತ್ರಿಕ ಶಕ್ತಿಯಲ್ಲಿ ಸುಮಾರು ಶೇ. 35ನ್ನು ಈ ರಜ್ಜುವೂ ಶೇ. 17ನ್ನು ಪಾದದ ಕಮಾನೂ ಹೊರುತ್ತವೆ. ರಜ್ಜು ಬಿಗಿಯಾಗಿ, ಮೀನಖಂಡದ ಸ್ನಾಯು ಬಲವಾಗಿದ್ದರೆ ಆ ಸ್ನಾಯು ಹೆಚ್ಚು ಕುಗ್ಗದೆಯೇ ಬೇಕಾದ ಬಲ ಕೊಡುತ್ತದೆ, ಆಮ್ಲಜನಕ ಉಳಿಯುತ್ತದೆ. ಇದು ಬರೀ ತರ್ಕವಲ್ಲ. ಜರ್ಮನಿಯ ಕಿರ್ಸ್ಟನ್ ಆಲ್ಬ್ರೆಕ್ಟ್ ಮತ್ತು ಆಡಮಾಂಟಿಯೋಸ್ ಅರಂಪಾಟ್ಸಿಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದ್ದವರು ಹವ್ಯಾಸಿ ಓಟಗಾರರೇ. ಅವರು ಹದಿನಾಲ್ಕು ವಾರ ಕಣಕಾಲನ್ನು ಕದಲಿಸದೆ, ತಮ್ಮ ಗರಿಷ್ಠ ಬಲದ ಹತ್ತಿರ ಹತ್ತಿರ ಒತ್ತಿ ಬಿಡುವ ವ್ಯಾಯಾಮ ಮಾಡಿದರು. ರಜ್ಜುವಿನ ಬಿಗುವು ಸುಮಾರು ಶೇ. 16 ಹೆಚ್ಚಿತು, ಓಟದ ಖರ್ಚು ಸುಮಾರು ಶೇ. 4 ತಗ್ಗಿತು. ಫಿನ್ಲೆಂಡಿನ ಲೀನಾ ಪಾವೊಲೈನೆನ್ ತಂಡ 1999ರಲ್ಲಿ ಸ್ಪರ್ಧಾತ್ಮಕ ಓಟಗಾರರ ಒಟ್ಟು ತರಬೇತಿ ಸಮಯದ ಮೂರನೇ ಒಂದು ಭಾಗವನ್ನು ಜಿಗಿತ, ವೇಗದ ಓಟ ಮತ್ತು ಹಗುರ ಭಾರದ ಚುರುಕು ಎತ್ತುವಿಕೆಗೆ ಬದಲಿಸಿತ್ತು; ಒಂಬತ್ತು ವಾರಗಳಲ್ಲಿ ಗರಿಷ್ಠ ಆಮ್ಲಜನಕ ಬಳಕೆ ಏರದೆಯೇ 5 ಕಿ.ಮೀ. ಸಮಯ ಸುಧಾರಿಸಿತು. ನಾರ್ವೆಯ ಓಯ್‌ವಿಂಡ್ ಸ್ಟೋರೆನ್ ತಂಡ 2008ರಲ್ಲಿ ವರದಿ ಮಾಡಿದ್ದು ಇನ್ನೂ ಸರಳ ಪ್ರಯೋಗ: ವಾರಕ್ಕೆ ಮೂರು ಸಲ, ನಾಲ್ಕೇ ನಾಲ್ಕು ಬಾರಿ ಎತ್ತಬಲ್ಲಷ್ಟು ಭಾರದ ಅರ್ಧ ಸ್ಕ್ವಾಟ್, ಎಂಟು ವಾರ. ಫಲ ಶೇ. 5ರ ಉಳಿತಾಯ. ಬ್ಲ್ಯಾಗ್ರೋವ್, ಹೊವಾಟ್ಸನ್ ಮತ್ತು ಹೇಯ್ಸ್ 2018ರಲ್ಲಿ 24 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಲಾಭ ಶೇ. 2ರಿಂದ 8ರ ನಡುವೆ ಕಂಡಿತು.

ಇಲ್ಲಿ ಗಂಭೀರವಾದ ಆಕ್ಷೇಪವೊಂದಿದೆ, ಅದನ್ನು ತೇಲಿಸಿ ಬಿಡಬಾರದು. ಮೇಲಿನ ಹೆಚ್ಚಿನ ಪ್ರಯೋಗಗಳಲ್ಲಿ ಇದ್ದವರು ಚೆನ್ನಾಗಿ ಪಳಗಿದ ಓಟಗಾರರು. ಕಚೇರಿಯ ಇಲ್ಲವೇ ಪಾಳಿಯ ಕೆಲಸ ಮುಗಿಸಿ ವಾರಕ್ಕೆ ಮೂರು ದಿನ ಓಡುವವರಿಗೆ ಅದು ಅನ್ವಯಿಸುತ್ತದೆಯೇ? ಫೆರಾಟಿ ಮತ್ತು ಸಂಗಡಿಗರು 2010ರಲ್ಲಿ 22 ಹವ್ಯಾಸಿ ಮ್ಯಾರಥಾನ್ ಓಟಗಾರರ ಮೇಲೆ ಎಂಟು ವಾರ ನಡೆಸಿದ ಅಧ್ಯಯನದಲ್ಲಿ ಕಾಲಿನ ಬಲ ಹೆಚ್ಚಿತು, ಓಟದ ಮಿತವ್ಯಯ ಮಾತ್ರ ಬದಲಾಗಲಿಲ್ಲ. ಆದರೆ ಆ ಪ್ರಯೋಗದ ವಿವರ ನೋಡಿದರೆ ಉತ್ತರ ಅಲ್ಲೇ ಸಿಗುತ್ತದೆ. ಭಾರ ಸಾಕಷ್ಟಿತ್ತು, ಆದರೆ ಕಾಲಿಗೆ ವಾರಕ್ಕೆ ಒಂದೇ ದಿನ, ಎಂಟೇ ವಾರ, ಅದೂ ಯಂತ್ರಗಳ ಮೇಲೆ. ಇನ್ನೊಂದು ದಿನ ಹೊಟ್ಟೆ–ಬೆನ್ನಿನ ಭಾಗಕ್ಕೆ ಹಗುರ ಭಾರದ ಹೆಚ್ಚು ಎಣಿಕೆಯ ವ್ಯಾಯಾಮ. ಆಲ್ಬ್ರೆಕ್ಟ್ ಅಧ್ಯಯನದಲ್ಲಿ ವಾರಕ್ಕೆ ನಾಲ್ಕು ದಿನ, ಹದಿನಾಲ್ಕು ವಾರ. ಹವ್ಯಾಸಿಗಳಿಗೆ ಫಲ ಸಿಗುವುದಿಲ್ಲ ಎನ್ನುವುದಕ್ಕಿಂತ ಪ್ರಮಾಣ ಸಾಲದಿದ್ದರೆ ಫಲ ಸಿಗುವುದಿಲ್ಲ ಎಂದು ಓದುವುದೇ ಹೆಚ್ಚು ಸಮಂಜಸ. ರಜ್ಜು ಸ್ನಾಯುವಿಗಿಂತ ನಿಧಾನವಾಗಿ ಗಟ್ಟಿಯಾಗುತ್ತದೆ, ಅವಸರಕ್ಕೆ ಒಗ್ಗುವುದಿಲ್ಲ. ದಿನಗಳ ಎಣಿಕೆಯಷ್ಟೇ ಭಾರವೂ ಮುಖ್ಯ; ಹಾಗಾಗಿ ನಮ್ಮ ಗರಡಿಮನೆಯ ನೂರಾರು ಬಸ್ಕಿ, ಅದೆಷ್ಟೇ ದಮ್ಮು ಬೆಳೆಸಿದರೂ, ಈ ಕೆಲಸಕ್ಕೆ ಪೂರ್ತಿ ಸಾಲದು. ಐವತ್ತು ಸಲ ಮಾಡಬಲ್ಲ ಚಲನೆ ಗರಿಷ್ಠ ಬಲದ ಸಣ್ಣ ಪಾಲನ್ನಷ್ಟೇ ಕೇಳುತ್ತದೆ. ಬೇಕಿರುವುದು ಐದಾರು ಸಲಕ್ಕೇ ನಿಲ್ಲಿಸಬೇಕಾದಷ್ಟು ಭಾರ, ನಡುವೆ ಎರಡು ಮೂರು ನಿಮಿಷದ ವಿರಾಮ.

ಮೈ ದಪ್ಪವಾಗುತ್ತದೆ ಎಂಬ ಭಯಕ್ಕೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಸ್ಟೋರೆನ್ ಪ್ರಯೋಗದಲ್ಲಿ ದೇಹತೂಕ ಏರಲಿಲ್ಲ. ಐರ್ಲೆಂಡಿನ ಬೀಟಿ ತಂಡ 2017ರಲ್ಲಿ ಪ್ರಕಟಿಸಿದ 40 ವಾರಗಳ ದೀರ್ಘ ಅಧ್ಯಯನದಲ್ಲೂ ದೇಹದ ರಚನೆ ಗಮನಾರ್ಹವಾಗಿ ಬದಲಾಗಲಿಲ್ಲ. ಓಟವೂ ಭಾರವೂ ಒಂದಕ್ಕೊಂದು ಅಡ್ಡಬರುತ್ತವೆ ಎಂಬ ಮಾತು 1980ರ ಹಿಕ್ಸನ್ ಅಧ್ಯಯನದಿಂದ ಬಂದದ್ದು. ಅಲ್ಲಿ ಎರಡನ್ನೂ ತೀವ್ರವಾಗಿ ಮಾಡಿದವರಲ್ಲಿ ಕುಂಠಿತವಾದದ್ದು ಬಲದ ಬೆಳವಣಿಗೆ, ಸಹನಶಕ್ತಿಯಲ್ಲ. ಓಟಗಾರನಿಗೆ ಇದು ನಷ್ಟದ ಸುದ್ದಿಯಲ್ಲ. ಗಾಯ ತಪ್ಪಿಸುತ್ತದೆ ಎಂಬ ಪ್ರಚಾರವನ್ನು ಮಾತ್ರ ಹಿಡಿತದಲ್ಲಿಟ್ಟುಕೊಳ್ಳಬೇಕು: ನ್ಯೂಯಾರ್ಕ್ ಮ್ಯಾರಥಾನನ್ನು ಮೊದಲ ಬಾರಿಗೆ ಓಡಲಿದ್ದ 720 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾವೇ ಮಾಡಿಕೊಳ್ಳುವ ಶಕ್ತಿ ವ್ಯಾಯಾಮ ಅತಿಬಳಕೆಯ ಗಾಯಗಳನ್ನು ಕಡಿಮೆ ಮಾಡಲಿಲ್ಲ. ಮಿತವ್ಯಯದ ಪರವಾಗಿ ಇರುವಷ್ಟು ಪುರಾವೆ ಗಾಯದ ವಿಷಯದಲ್ಲಿಲ್ಲ.

ಕುವೈತ್‌ಗೆ ವಿಶೇಷವಾಗಿ ಸಲ್ಲುವ ವಾದ ಶಾಖದ್ದು. ಸಮತಟ್ಟಾದ ನೆಲದಲ್ಲಿ ಓಡುವಾಗ ಖರ್ಚಾದ ಶಕ್ತಿಯೆಲ್ಲ ಹೆಚ್ಚುಕಡಿಮೆ ಶಾಖವಾಗಿಯೇ ಕೊನೆಗೊಳ್ಳುತ್ತದೆ. 70 ಕಿ.ಗ್ರಾಂ. ತೂಗುವವರು ಗಂಟೆಗೆ 10 ಕಿ.ಮೀ. ವೇಗದಲ್ಲಿ ಓಡಿದರೆ ಸುಮಾರು 700 ಕಿಲೋಕ್ಯಾಲರಿ. ಅದರಲ್ಲಿ ಶೇ. 4 ಉಳಿದರೆ 28 ಕಿಲೋಕ್ಯಾಲರಿ, ಅಂದರೆ ಸುಮಾರು 50 ಮಿಲಿಲೀಟರ್ ಬೆವರು ಪೂರ್ತಿ ಆವಿಯಾಗಿ ಹೊತ್ತೊಯ್ಯುವಷ್ಟು ಶಾಖ ಕಡಿಮೆ. ಕೊಲ್ಲಿಯ ತೇವದ ಗಾಳಿ ಕವಿದು ಬೆವರು ಆವಿಯಾಗದೆ ತೊಟ್ಟಿಕ್ಕುವ ಆಗಸ್ಟ್–ಸೆಪ್ಟೆಂಬರ್ ಮುಂಜಾವುಗಳಲ್ಲಿ ಉತ್ಪಾದನೆಯಲ್ಲೇ ಆದ ಕಡಿತಕ್ಕೆ ಬೆಲೆ ಹೆಚ್ಚು. ಈ ಲಾಭ ಸಣ್ಣದು; ಅದನ್ನು ನಂಬಿ ಜುಲೈ ಮಧ್ಯಾಹ್ನಕ್ಕೆ ಇಳಿಯುವುದು ಜೀವಕ್ಕೆ ಅಪಾಯ. ಇನ್ನೂ ಒಂದು ಮಾತಿದೆ: ಉಳಿತಾಯವನ್ನು ವೇಗಕ್ಕೆ ಹಾಕಿದರೆ ತಂಪು ಸಿಗದು. ಬೇಸಿಗೆಯಲ್ಲಿ ಅದೇ ವೇಗದಲ್ಲಿ ಕಡಿಮೆ ಕಾಯುವುದಕ್ಕೂ ಚಳಿಗಾಲದ ಸ್ಪರ್ಧೆಯಲ್ಲಿ ವೇಗ ಏರಿಸುವುದಕ್ಕೂ ಅದನ್ನು ಬಳಸುವುದು ಜಾಣತನ. ಎರಡು ಗಂಟೆಯ ಅರ್ಧ ಮ್ಯಾರಥಾನ್‌ನಲ್ಲಿ ಶೇ. 3ರ ಉಳಿತಾಯ ಮೂರು ನಿಮಿಷದ ಮೇಲಷ್ಟು ಕೊಡಬಲ್ಲದು. ಓಟದ ಕೊನೆಯ ಭಾಗದಲ್ಲಿ ಲಾಭ ಇನ್ನೂ ಸ್ಪಷ್ಟವಾಗಬಹುದು: ಲಫ್‌ಬರೋದ ಜಾನಿನಿ, ಫೋಲಂಡ್, ಬ್ಲ್ಯಾಗ್ರೋವ್ ಅವರ ಇತ್ತೀಚಿನ ಪ್ರಯೋಗದಲ್ಲಿ ಹತ್ತು ವಾರ ಶಕ್ತಿ ತರಬೇತಿ ಪಡೆದವರು 90 ನಿಮಿಷ ಓಡಿದ ನಂತರವೂ ಮಿತವ್ಯಯವನ್ನು ಇತರರಿಗಿಂತ ಚೆನ್ನಾಗಿ ಕಾಪಾಡಿಕೊಂಡರು.

ಹೀಗಿರುವಾಗ ಇಲ್ಲಿನ ಪಂಚಾಂಗ ಸುಲಭವಾಗಿ ಕೂಡಿಬರುತ್ತದೆ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಸುಮಾರು ಹದಿನಾರು ವಾರ, ವಾರಕ್ಕೆ ಎರಡು ಮೂರು ದಿನ ಸ್ಕ್ವಾಟ್, ಡೆಡ್‌ಲಿಫ್ಟ್, ಭಾರ ಹೊತ್ತು ಹಿಮ್ಮಡಿ ಎತ್ತುವುದು. ಮೊದಲ ಮೂರು ನಾಲ್ಕು ವಾರ ಹಗುರ ಭಾರದಲ್ಲಿ ಕ್ರಮ ಕಲಿತು ಆಮೇಲೆ ಏರಿಸುವುದು. ಜಿಮ್ ಶುಲ್ಕ ಹೊರೆಯಾದವರು, ಹಂಚಿಕೊಂಡ ಕೋಣೆಯಲ್ಲಿ ಇರುವವರು, ಗಟ್ಟಿ ಪಟ್ಟಿಯೊಂದನ್ನು ಪಾದಕ್ಕೂ ಸೊಂಟಕ್ಕೂ ಬಿಗಿದು ಆಲ್ಬ್ರೆಕ್ಟ್ ಪ್ರಯೋಗದಂತೆ ಮೂರು ಸೆಕೆಂಡು ಒತ್ತಿ ಮೂರು ಸೆಕೆಂಡು ಬಿಡಬಹುದು. ಮೆಟ್ಟಿಲಂಚಿನಲ್ಲಿ ಬೆನ್ನುಚೀಲಕ್ಕೆ ನೀರಿನ ಬಾಟಲಿ ತುಂಬಿಕೊಂಡು ಒಂಟಿಕಾಲಿನ ಹಿಮ್ಮಡಿ ಏರಿಸಬಹುದು. ರಮ್ಜಾನ್ ಉಪವಾಸ ಮಾಡುವವರಿಗೆ ಇಫ್ತಾರ್ ನಂತರದ ಹೊತ್ತು ಅನುಕೂಲ. ಅಕ್ಟೋಬರ್‌ನಲ್ಲಿ ಶುಕ್ರವಾರದ ಉದ್ದದ ಓಟಗಳು ಮರಳಿದಾಗ ಭಾರವನ್ನು ಬಿಟ್ಟುಬಿಡುವುದು ಸಾಮಾನ್ಯ ಅಭ್ಯಾಸ, ಆದರೆ ಪೂರ್ತಿ ಬಿಡಬೇಕಿಲ್ಲ. ಬೀಟಿ ಅಧ್ಯಯನದ ಓಟಗಾರರು ಮೊದಲ 20 ವಾರ ವಾರಕ್ಕೆರಡು ಸಲ, ಸ್ಪರ್ಧೆಯ 20 ವಾರ ವಾರಕ್ಕೊಂದೇ ಸಲ ಭಾರ ಎತ್ತಿಯೂ ಗಳಿಸಿದ್ದನ್ನು ಉಳಿಸಿಕೊಂಡರು. ಆ ಒಂದು ದಿನವನ್ನು ಉದ್ದದ ಓಟದ ಮುನ್ನಾದಿನವಾದ ಗುರುವಾರಕ್ಕೆ ಇಡದೆ, ಕಾಲು ಚೇತರಿಸಿಕೊಳ್ಳಲು ಬಿಡುವಿರುವ ಸೋಮವಾರಕ್ಕೋ ಮಂಗಳವಾರಕ್ಕೋ ಇಟ್ಟುಕೊಳ್ಳುವುದು ಮೇಲು.