ನಿಂತ ದೇಹ, ಕುಳಿತ ಮನಸ್ಸು: ಕಾಯೋತ್ಸರ್ಗ ಮತ್ತು ಚಿಂತೆಯ ಶಮನ

ಕನ್ನಡದ ಆಡುನುಡಿಯಲ್ಲಿ ‘ಚಿಂತೆ’ ಎಂದರೆ ಕಳವಳ. ಸಂಸ್ಕೃತದಲ್ಲಿ ಅದೇ ಪದದ ಮೂಲಾರ್ಥ ಆಲೋಚನೆ. ಆಲೋಚನೆಯು ಎಲ್ಲಿ ಕಳವಳವಾಗಿ ತಿರುಗುತ್ತದೆ, ಅದನ್ನು ತಣಿಸುವುದಕ್ಕೆ ಮನಸ್ಸಿನಿಂದ ಆರಂಭಿಸಬೇಕೋ ದೇಹದಿಂದಲೋ ಎಂಬುದು ಇಂದಿನ ಮನೋವಿಜ್ಞಾನದ ಪ್ರಶ್ನೆಯೆಂದು ತೋರಬಹುದು. ಪ್ರಾಚೀನ ಜೈನ ಆಚಾರ್ಯರು ತಮ್ಮದೇ ಪರಿಭಾಷೆಯಲ್ಲಿ ಈ ಪ್ರಶ್ನೆಯನ್ನು ಎದುರಿಸಿದ್ದರು. ಅವರ ಉತ್ತರವನ್ನು ತಿಳಿಯಲು ಎರಡು ಗ್ರಂಥಗಳನ್ನು ಒಟ್ಟಿಗೆ ಇಟ್ಟು ಓದಬೇಕಾಗುತ್ತದೆ: ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ ಮತ್ತು ವಟ್ಟಕೇರಾಚಾರ್ಯರ ‘ಮೂಲಾಚಾರ’.

‘ತತ್ತ್ವಾರ್ಥಸೂತ್ರ’ದ ಒಂಬತ್ತನೆಯ ಅಧ್ಯಾಯವು ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು 4 ಬಗೆಯಾಗಿ ವಿಂಗಡಿಸುತ್ತದೆ. ಸಂಕಟಪಡುವುದನ್ನೂ ಧ್ಯಾನವೆಂದು ಕರೆದಿರುವುದು ಮೊದಲ ಓದಿಗೆ ವಿಚಿತ್ರವೆನಿಸುತ್ತದೆ. ಆದರೆ ಇದರ ಹಿಂದೆ ಸೂಕ್ಷ್ಮವಾದ ಅವಲೋಕನವಿದೆ. ಕಳವಳಗೊಂಡವನಿಗೆ ಏಕಾಗ್ರತೆಯ ಕೊರತೆಯಿಲ್ಲ. ಅವನ ಮನಸ್ಸು ಒಂದೇ ವಿಷಯಕ್ಕೆ ಕಚ್ಚಿಕೊಂಡಿದೆ. ಅಪ್ರಿಯವಾದುದು ಬಂದು ಸೇರಿದಾಗ ಅದು ಎಂದು ತೊಲಗೀತೆಂಬ ಹಂಬಲ, ಪ್ರಿಯವಾದುದು ಅಗಲಿದಾಗ ಅದು ಮರಳೀತೆಂಬ ಹಂಬಲ, ದೇಹದ ವೇದನೆ, ಮುಂದಣ ಭೋಗದ ಬಯಕೆ ಇವು ಆರ್ತಧ್ಯಾನದ 4 ಮುಖಗಳು. ಇಲ್ಲಿ ಬಳಕೆಯಾಗುವ ಪಾರಿಭಾಷಿಕ ಪದ ‘ಸ್ಮೃತಿಸಮನ್ವಾಹಾರ’; ಒಂದನ್ನೇ ಮತ್ತೆ ಮತ್ತೆ ನೆನಪಿಗೆ ಎಳೆದು ತರುವುದು ಎಂದು ಅದರ ತಾತ್ಪರ್ಯ. ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಇದನ್ನು ‘ಚಿಂತಾಪ್ರಬಂಧ’ ಎಂದು ಬಿಡಿಸುತ್ತಾರೆ. ಬಿಡಿಯಾದ ಆಲೋಚನೆ ಕಳವಳವಲ್ಲ. ಅದು ಕಡಿಯದ ಸರಪಳಿಯಾದಾಗ ಆರ್ತವಾಗುತ್ತದೆ. 4 ಮುಖಗಳಲ್ಲಿ ವೇದನೆಗೂ ಸ್ಥಾನವಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ದೇಹವು ಮನಸ್ಸಿನ ವ್ಯಾಕುಲತೆಗೆ ಹೊರಗಿನದಲ್ಲ ಎಂಬ ಅರಿವು ಈ ವಿಂಗಡಣೆಯಲ್ಲಿಯೇ ಅಡಗಿದೆ.

ಈ ಸರಪಳಿಯನ್ನು ಕಡಿಯುವ ನಿತ್ಯದ ಅಭ್ಯಾಸ ‘ಮೂಲಾಚಾರ’ದಲ್ಲಿ ದೊರೆಯುತ್ತದೆ. ಶೌರಸೇನಿ ಪ್ರಾಕೃತದ ಈ ಗ್ರಂಥವು ದಿಗಂಬರ ಮುನಿಗಳ ಆಚಾರಸಂಹಿತೆ. ವಸುನಂದಿಯ ಸಂಸ್ಕೃತ ವೃತ್ತಿ ಇದಕ್ಕಿದೆ. ಷಡಾವಶ್ಯಕಗಳಲ್ಲಿ ಒಂದಾದ ಕಾಯೋತ್ಸರ್ಗವನ್ನು ವಿವರಿಸುವಾಗ ವಟ್ಟಕೇರರು ಮೊದಲು ಹೇಳುವುದು ದೇಹದ ನಿಲುವನ್ನು. ಪಾದಗಳ ನಡುವೆ 4 ಅಂಗುಲ ಅಂತರ, ಇಳಿಬಿಟ್ಟ ತೋಳುಗಳು, ಅಲುಗದ ಅಂಗಾಂಗಗಳು. ಕಾಲವನ್ನು ಅಳೆಯುವುದು ಉಸಿರಿನಿಂದ. ಹಗಲಿನ ಪ್ರತಿಕ್ರಮಣಕ್ಕೆ 108 ಉಚ್ಛ್ವಾಸ, ಇರುಳಿನದಕ್ಕೆ 54, ಪಕ್ಷಕ್ಕೆ 300, ಚಾತುರ್ಮಾಸಕ್ಕೆ 400, ಸಂವತ್ಸರಕ್ಕೆ 500. ಒಂದು ಪಂಚನಮಸ್ಕಾರಕ್ಕೆ 3 ಉಸಿರೆಂದು ಎಣಿಸಿ, 9 ಬಾರಿಯ ಜಪವನ್ನು 27 ಉಸಿರುಗಳಲ್ಲಿ ಮುಗಿಸುವ ರೂಢಿ ಇಂದಿಗೂ ಶ್ರಾವಕರಲ್ಲಿದೆ.

ಕಾಯೋತ್ಸರ್ಗದ ದೋಷಗಳ ಪಟ್ಟಿ ಇನ್ನೂ ಕುತೂಹಲಕರವಾದುದು. ಕುದುರೆಯಂತೆ ಒಂದು ಕಾಲನ್ನೆತ್ತಿ ನಿಲ್ಲುವುದು ಘೋಟಕ. ಬಳ್ಳಿಯಂತೆ ತೂಗುವುದು ಲತಾ. ಕಂಬಕ್ಕೆ ಒರಗುವುದು ಸ್ತಂಭ. ಕಾಗೆಯಂತೆ ಓರೆಗಣ್ಣಿನಿಂದ ಅತ್ತಿತ್ತ ನೋಡುವುದು ವಾಯಸ. ಬೇಲದ ಹಣ್ಣಿನಂತೆ ಮುಷ್ಟಿ ಬಿಗಿಯುವುದು ಕಪಿತ್ಥ. ತಲೆಯಲ್ಲಾಡಿಸುವುದು, ಬೆರಳೆಣಿಸುವುದು, ಹುಬ್ಬು ಕುಣಿಸುವುದು, ಕುಡಿದವನಂತೆ ಓಲಾಡುವುದು ಇವೂ ದೋಷಗಳೇ. ಇದನ್ನು ಕೇವಲ ಶಿಸ್ತಿನ ನಿಯಮವೆಂದು ಓದಿ ಬಿಡುವವರುಂಟು. ನಿಧಾನವಾಗಿ ಓದಿದರೆ ಇದು ತಳಮಳವು ಮೈಮೇಲೆ ಮೂಡಿಸುವ ಗುರುತುಗಳ ಪಟ್ಟಿಯಂತೆಯೂ ಕಾಣುತ್ತದೆ. ಬಿಗಿದ ಮುಷ್ಟಿ, ಹರಿದಾಡುವ ಕಣ್ಣು, ನೆಲೆ ನಿಲ್ಲದ ಕಾಲು ಯಾರ ಅನುಭವಕ್ಕೆ ಬಂದಿಲ್ಲ?

ಹಾಗಾದರೆ ಇವೆಲ್ಲವನ್ನೂ ಗೆದ್ದು ಅಲುಗದೆ ನಿಂತವನು ಶಾಂತನಾದನೇ? ಇಲ್ಲಿಯೇ ‘ಮೂಲಾಚಾರ’ದ ಅತ್ಯಂತ ಮೌಲಿಕವಾದ ವಿಂಗಡಣೆ ಬರುತ್ತದೆ. ನಿಂತು ಧರ್ಮ್ಯ ಅಥವಾ ಶುಕ್ಲಧ್ಯಾನದಲ್ಲಿರುವವನು ಉತ್ಥಿತೋತ್ಥಿತ. ಅವನ ದೇಹವೂ ಎದ್ದಿದೆ, ಮನಸ್ಸೂ ಎದ್ದಿದೆ. ನಿಂತಿದ್ದೂ ಆರ್ತರೌದ್ರಗಳಲ್ಲಿ ತೊಡಗಿದವನು ಉತ್ಥಿತನಿವಿಷ್ಟ. ಅವನ ದೇಹ ನಿಂತಿದೆ, ಮನಸ್ಸು ಕುಳಿತಿದೆ. ಕುಳಿತಿದ್ದೂ ಶುಭಧ್ಯಾನದಲ್ಲಿರುವವನು ಉಪವಿಷ್ಟೋತ್ಥಿತ. ಎರಡೂ ಕುಳಿತಿರುವವನು ಉಪವಿಷ್ಟನಿವಿಷ್ಟ. ದೇಹದ ನಿಶ್ಚಲತೆ ಬೇಕು, ಆದರೆ ಅದು ಮನಸ್ಸಿನ ನೆಮ್ಮದಿಗೆ ಪ್ರಮಾಣಪತ್ರವಲ್ಲ. ನಿಲ್ಲಲಾರದೆ ಕುಳಿತವನ ಮನಸ್ಸು ನಿಂತವನ ಮನಸ್ಸಿಗಿಂತ ಎತ್ತರದಲ್ಲಿರಬಹುದು.

ದೇಹದ ಮೇಲೆ ಬಲಪ್ರಯೋಗವೂ ಇಲ್ಲಿ ಸಲ್ಲದು. ಉಸಿರನ್ನು ಎಣಿಸಬೇಕೆಂದು ವಿಧಿಯಿದೆ; ಕಟ್ಟಿ ನಿಲ್ಲಿಸಬೇಕೆಂದಲ್ಲ. ಶ್ವೇತಾಂಬರ ಸಂಪ್ರದಾಯದ ಕಾಯೋತ್ಸರ್ಗಸೂತ್ರವು ಶ್ವಾಸೋಚ್ಛ್ವಾಸ, ಕೆಮ್ಮು, ಸೀನು, ಆಕಳಿಕೆ, ತಲೆಸುತ್ತುಗಳನ್ನು ಮೊದಲೇ ವಿನಾಯಿತಿಯಾಗಿ ಹೆಸರಿಸುತ್ತದೆ. ಮುಂದೆ ‘ಜ್ಞಾನಾರ್ಣವ’ದ ಶುಭಚಂದ್ರರೂ 12ನೆಯ ಶತಮಾನದ ‘ಯೋಗಶಾಸ್ತ್ರ’ದ ಹೇಮಚಂದ್ರರೂ ಪ್ರಾಣಾಯಾಮವನ್ನು ವಿಸ್ತಾರವಾಗಿ ವಿವರಿಸಿ, ಕೊನೆಗೆ ಅದರ ಮಿತಿಯನ್ನು ಸ್ಪಷ್ಟವಾಗಿ ತೋರಿಸಿದರು. ಪ್ರಾಣವನ್ನು ತಡೆದರೆ ಪೀಡೆ, ಪೀಡೆಯಿಂದ ಆರ್ತ ಎಂಬುದು ಶುಭಚಂದ್ರರ ತರ್ಕ. ಕಳವಳವನ್ನು ಅಳಿಸಲು ಹೊರಟ ಉಪಾಯವೇ ಕಳವಳಕ್ಕೆ ಕಾರಣವಾಗಬಾರದು.

ಈ ವಿವೇಕಕ್ಕೆ ಕಥಾರೂಪದ ನಿದರ್ಶನ ಬಾಹುಬಲಿ. ರಾಷ್ಟ್ರಕೂಟರ ಕಾಲದ ಜಿನಸೇನಾಚಾರ್ಯರ ‘ಆದಿಪುರಾಣ’ದಲ್ಲಿ ಅವನು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಲ್ಲುತ್ತಾನೆ. ಬಳ್ಳಿ ಹಬ್ಬಿದರೂ ಹುತ್ತ ಬೆಳೆದರೂ ದೇಹ ಅಲುಗುವುದಿಲ್ಲ. ಆದರೂ ಕೇವಲಜ್ಞಾನ ತಡವಾಗುತ್ತದೆ. ತನ್ನಿಂದ ಭರತನಿಗೆ ನೋವಾಯಿತೆಂಬ ಒಂದು ಎಳೆ ಅವನ ಹೃದಯದಲ್ಲಿ ಉಳಿದಿತ್ತು. ಭರತ ಬಂದು ಪೂಜಿಸಿದ ಮೇಲೆ ಆ ಎಳೆ ಕಳಚುತ್ತದೆ. ಬಾಹುಬಲಿಯನ್ನು ಉತ್ಥಿತನಿವಿಷ್ಟನೆಂದು ಕರೆಯುವುದು ಅನುಚಿತ. ಅವನದು ಆರ್ತರೌದ್ರವಲ್ಲ, ಸೋದರಪ್ರೇಮದ ಶೇಷ. ಆದರೆ ಅಷ್ಟು ದೃಢವಾದ ದೇಹವೂ ಅಷ್ಟು ಸಣ್ಣ ನೋವನ್ನು ತಾನಾಗಿ ಕರಗಿಸಲಾರದು, ಅದು ಕರಗಲು ಇನ್ನೊಬ್ಬರು ಹತ್ತಿರ ಬರಬೇಕಾಗಬಹುದು ಎಂಬುದನ್ನು ಪುರಾಣಕಾರರು ಮರೆಮಾಚಲಿಲ್ಲ.

ಮುಂದೆ ಆಚಾರ್ಯ ಮಹಾಪ್ರಜ್ಞರೆಂದು ಖ್ಯಾತರಾದ ಮುನಿ ನಥಮಲ್ಲರು 1975ರಲ್ಲಿ ರೂಪಿಸಿದ ಪ್ರೇಕ್ಷಾಧ್ಯಾನದಲ್ಲಿ ಕಾಯೋತ್ಸರ್ಗಕ್ಕೆ ಮುಖ್ಯ ಸ್ಥಾನವಿದೆ. ಅಂದಿನಿಂದ ಈ ಪದವು ಮೈ ಸಡಿಲಿಸುವ ಅಭ್ಯಾಸವೆಂಬ ಅರ್ಥದಲ್ಲಿಯೂ ಬಳಕೆಗೆ ಬಂದಿದೆ. ಅದು ತಪ್ಪಲ್ಲ, ಆದರೆ ಅರ್ಧ. ಮೂಲದಲ್ಲಿ ತ್ಯಜಿಸಬೇಕಾದುದು ದೇಹದ ಬಿಗಿತವಷ್ಟೇ ಅಲ್ಲ, ದೇಹದ ಮೇಲಣ ಮಮತ್ವ. ಪ್ರಾಚೀನರು ಇದನ್ನು ಚಿಕಿತ್ಸೆಯೆಂದು ಬರೆಯಲಿಲ್ಲ, ಕರ್ಮನಿರ್ಜರೆಯ ಮಾರ್ಗವೆಂದು ಬರೆದರು. ಇಂದಿನ ವೈದ್ಯಕ್ಕೆ ಇದನ್ನು ಬದಲಿಯಾಗಿ ನಿಲ್ಲಿಸುವುದು ಎರಡಕ್ಕೂ ಅನ್ಯಾಯ. ಆದರೆ ಅವರ ಒಂದು ಪ್ರಶ್ನೆ ಇಂದಿಗೂ ಹಳತಾಗಿಲ್ಲ. ಶ್ರವಣಬೆಳಗೊಳದ ಬೆಟ್ಟವೇರಿ ಗೊಮ್ಮಟನ ಮುಂದೆ ಕ್ಷಣಕಾಲ ಸುಮ್ಮನೆ ನಿಂತಾಗ ಅದನ್ನು ನಮಗೆ ನಾವೇ ಕೇಳಿಕೊಳ್ಳಬಹುದು: ದೇಹವೇನೋ ನಿಂತಿದೆ, ಮನಸ್ಸು ಎದ್ದಿದೆಯೇ?